ಗೋಬಿ ಗಾಡಿಯೂ ನಮ್ಮ ರುಕ್ಮಿಯೂ

ನಮ್ಮ ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ಇದೆ. ಅದರ ಮೇಲೆ ಕೆಂಪು ಚೀಟಿ, ಚೀಟಿಯ ಮೇಲೆ ಯಾರದೋ ಎಣ್ಣೆಗೈಯ ಗುರುತು. ಸೊಸೆ ಶಾರದಾ ಮನೆ ಸಾರಿಸುವಾಗಲೆಲ್ಲ ಅದನ್ನು ಎತ್ತಿ ಕಸದ ಬುಟ್ಟಿಗೆ ಹಾಕುತ್ತಾಳೆ. ಅವಳು ಅತ್ತ ತಿರುಗಿದ ಕೂಡಲೇ ನಾನು ಅದನ್ನೆತ್ತಿ ಮತ್ತೆ ಗೂಡಿಗಿಡುತ್ತೇನೆ. ಇಬ್ಬರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಅತ್ತೆ-ಸೊಸೆ ಅಂದಮೇಲೆ ಇಷ್ಟಾದರೂ ಇರಬೇಕಲ್ಲ.

ಅದು ವಿನಿಗರ್ ಬಾಟಲಿ. ಗೋಬಿ ಮಂಚೂರಿಗೆ ಹಾಕುತ್ತಾರಲ್ಲ, ಮೂಗಿಗೆ ಹೊಡೆಯುವ ಹುಳಿನೀರು, ಅದರದು. ಮೂರು ಬೆರಳು ವಿಭೂತಿ ಹಚ್ಚುವ ಮುದುಕಿಯ ದೇವರಮನೆಯಲ್ಲಿ ಅದಕ್ಕೇನು ಕೆಲಸ ಎಂದು ನೀವು ಕೇಳುತ್ತೀರಿ. ಕೇಳಿ, ಹೇಳುವುದಕ್ಕೆಂದೇ ಕುಳಿತಿದ್ದೇನೆ. ಮೊಮ್ಮಗಳು ಸವಿತಾ ಈ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಾಗಿನಿಂದ ನನ್ನ ತೋರುಬೆರಳಿಗೆ ಪುರುಸೊತ್ತಿಲ್ಲ. ಒತ್ತಕ್ಷರ ಬಂದಲ್ಲಿ ಮಾತ್ರ ಸ್ವಲ್ಪ ಕುಳಿತು ದಣಿವಾರಿಸಿಕೊಳ್ಳುತ್ತೇನೆ, ಅಷ್ಟೇ.

ನಮ್ಮೂರು ಗುಡೂರು. ಮನೆ ಇರುವುದು ಬಸ್ ನಿಲ್ದಾಣದಿಂದ ಒಳಗೆ ಬರುವ ರಸ್ತೆಯಲ್ಲಿ. ಎದುರಿಗೊಂದು ಬೇವಿನ ಮರ. ಆ ಮರದ ಕೆಳಗೆ ಒಂದು ದಿನ ಹಿಂದಿನ ಓಣಿಯ ಮಾಂತೇಶ ಗೋಬಿ ಗಾಡಿ ತಂದು ನಿಲ್ಲಿಸಿದ. ಮಾಂತೇಶ ಅಂದರೆ ಹುಡುಗನಲ್ಲ, ಮದುವೆಯಾಗಿ ಮಕ್ಕಳಿರುವ ಗಂಡಸು. ನಾನು ಸಂಜೆ ಪೂಜೆಗೆ ಕೂರುವುದಕ್ಕೂ ಅವನ ಎಣ್ಣೆ ಕಾಯುವುದಕ್ಕೂ ಸರಿಹೋಗುತ್ತಿತ್ತು. ಕಣ್ಣು ಮುಚ್ಚಿ ಶಿವನನ್ನು ನೆನೆದರೆ ಮೂಗಿನ ಮುಂದೆ ಹೂಕೋಸು ನಿಲ್ಲುತ್ತಿತ್ತು.

ಜಗಳಕ್ಕೆ ನಾನೆಂದೂ ಬಾಯಿ ಸವೆಸುವವಳಲ್ಲ. ಕೊಟ್ಟಿಗೆಯಲ್ಲಿ ನಮ್ಮ ಎಮ್ಮೆ ರುಕ್ಮಿ ಇದ್ದಾಳೆ. ಬೆಳಿಗ್ಗೆ ಬಳಿಯುತ್ತಿದ್ದ ಸಗಣಿಯನ್ನು ಸಂಜೆಗೆ ಬಳಿಯತೊಡಗಿದೆ. ಹಿತ್ತಲ ತಿಪ್ಪೆಗೆ ಒಯ್ಯುವ ಬದಲು ಬುಟ್ಟಿ ತುಂಬ ತಂದು ರಸ್ತೆಯಂಚಿಗೆ, ಗಾಡಿಯ ಗಿರಾಕಿಗಳು ನಿಲ್ಲುವ ಜಾಗದ ಮಗ್ಗುಲಿಗೇ ಸುರಿದೆ. ನನ್ನದೇ ಮನೆಯ ಮುಂದಿನ ಜಾಗ, ಯಾರು ಕೇಳುತ್ತಾರೆ?

ಮಾಂತೇಶ ಕೇಳಿದ.

"ಆಯಿ, ನಿಮ್ಮ ಎಮ್ಮಿ ವಾಸನಿಗೆ ನನ್ನ ಗಿರಾಕಿ ಓಡಿ ಹೊಂಟಾರ್ರಿ."

"ನಿನ್ನ ಎಣ್ಣಿ ವಾಸನಿಗೆ ನನ್ನ ಶಿವಾ ಓಡಿ ಹೊಂಟಾನ. ಮೊದಲ ಅವನ್ನ ಕರಕೊಂಡು ಬಾ."

ಅವನು ತಲೆ ಕೆರೆದುಕೊಂಡು ಹೋದ. ಮರುದಿನ ಬೆಳಿಗ್ಗೆ ನೋಡಿದರೆ ಸಗಣಿ ಮಾಯ! ಅಂಗಡಿ ಮುಚ್ಚುವಾಗ ಅವನೇ ಎತ್ತಿ, ನೀರು ಹಾಕಿ ತೊಳೆದು ಹೋಗಿದ್ದ. ಅಂದಿನಿಂದ ಇದೇ ನಡೆಯಿತು. ಸಂಜೆ ನಾನು ಹಾಕುವುದು, ಬೆಳಗಾಗುವುದರೊಳಗೆ ಅವನು ಎತ್ತುವುದು. ನಮ್ಮ ಮನೆಯವರ ಮುಂದೆ ಹೇಳಿಕೊಂಡೆ, "ನೋಡ್ರಿ, ಜಾಗಾ ಬಿಟ್ಟು ಹೋಗವಲ್ಲ ಖರೆ, ಆದ್ರ ದಿನಾ ಅವನ ಕೈಲೆ ನಮ್ಮ ಎಮ್ಮಿ ಸಗಣಿ ಬಳಿಸಾಕತ್ತೇನಿ."

ಅವರು ಗೊಬ್ಬರದ ಚೀಲ ಕೊಯ್ದು ಹಗ್ಗ ಹೊಸೆಯುತ್ತ ಕುಳಿತಿದ್ದರು. ತಲೆ ಎತ್ತದೆಯೇ ಅಂದರು, "ನಿನ್ನ ಪುಣ್ಯೇಕ ಅವಂಗ ಸ್ವರ್ಗ ಸಿಗ್ತೈತಿ ಬಿಡು."

ಈ ಚೀಲದ ಹಗ್ಗದ ಸಂಗತಿ ಹೇಳಬೇಕು. ನಮ್ಮ ಮನೆಯವರಿಗೆ ಯಾವುದನ್ನೂ ಬಿಸಾಡಿ ಗೊತ್ತಿಲ್ಲ. ಮಗ ಗೋವಿನಜೋಳಕ್ಕೆ ಯೂರಿಯಾ ಹಾಕಿ ಚೀಲ ತಂದು ಮೂಲೆಗೆ ಎಸೆದರೆ ಇವರು ಅದನ್ನು ತೊಳೆದು, ಒಣಗಿಸಿ, ಉದ್ದುದ್ದ ಪಟ್ಟಿ ಕೊಯ್ದು, ತೊಡೆಯ ಮೇಲೆ ಹೊಸೆದು ಹಗ್ಗ ಮಾಡುತ್ತಾರೆ. ಬಾವಿಯ ಹಗ್ಗ, ಬಟ್ಟೆ ಹಾಕುವ ಹಗ್ಗ, ಮೊಮ್ಮಕ್ಕಳ ತೊಟ್ಟಿಲ ಹಗ್ಗ ಎಲ್ಲವೂ ಅವರ ಕೈಯವೇ. ರುಕ್ಮಿಯ ಕೊರಳ ಹಗ್ಗದಲ್ಲಂತೂ ಹಳದಿ, ಬಿಳಿ, ನಡುನಡುವೆ ಚೀಲದ ಮೇಲಿನ ಹಸಿರು ಅಕ್ಷರ. ಪೇಟೆಯಲ್ಲಿ ಅಂಥದ್ದು ಸಿಗುವುದಿಲ್ಲ ಎಂದು ಅವರಿಗೆ ಹೆಮ್ಮೆ. ನಿಜ, ಸಿಗುವುದಿಲ್ಲ.

ಆ ಹೊತ್ತಿಗೆ ಸವಿತಾ ರಜೆಗೆ ಬಂದಿದ್ದಳು. ಬಾಗಲಕೋಟೆಯಲ್ಲಿ ಬಿ.ಎಡ್. ಓದುತ್ತಾಳೆ. ರಜೆ ಮುಗಿಸಿ ಹೋದವಳೇ ಒಂದು ಶಾಲೆಯಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ಅದರ ತಾಲೀಮು ನನ್ನ ಮೇಲೆ.

"ಆಯಿ, ನೀ ಈಗ ಸಾಲ್ಯಾಗಿನ ಎಂಟನೇತ್ತಾ ಹುಡುಗಿ. ಸುಮ್ನ ಕೂತು ಕೇಳಬೇಕು."

"ಎಂಟನೇತ್ತಾ ಹುಡುಗ್ಯಾರು ಸುಮ್ನ ಕೂಡ್ತಾರನು?"

"ಇವತ್ತಿನ ಪಾಠ, ಪ್ರಾಣಿಗಳು ಸಾರಜನಕವನ್ನು ಹೇಗೆ ಪಡೆಯುತ್ತವೆ." ಪಾಠದ ಕನ್ನಡ ಅಷ್ಟಕ್ಕೇ ಮುಗಿಯಿತು, ಮುಂದೆ ಮನೆಯ ಮಾತು. "ನೋಡು, ಗಾಳ್ಯಾಗ ಎಲ್ಲಾಕಿಂತ ಹೆಚ್ಚು ಇರೋದು ಸಾರಜನಕ. ನಮ್ಮ ಮಾಂಸಾ, ರಕ್ತಾ, ಕೂದಲಾ, ಉಗುರು ಎಲ್ಲಾದಕ್ಕೂ ಅದು ಬೇಕಽ ಬೇಕು."

"ಚಲೋ ಆತು. ಬಾಯಿ ತಕ್ಕೊಂಡು ಅಂಗಳದಾಗ ಕೂತ್ರ ಮುಗೀತು. ನಿಮ್ಮವ್ವಗ ರೊಟ್ಟಿ ಬಡಿಯೋದು ತಪ್ಪತೈತಿ."

"ಅದಽ ಬರಂಗಿಲ್ಲಲ್ಲಾ! ಉಸರಿನ ಜೋಡಿ ಒಳಗ ಹೋದದ್ದು ಹಂಗಽ ಹೊರಗ ಬರ್ತೈತಿ. ಮೈಗೆ ಹತ್ತಂಗಿಲ್ಲ."

"ಮತ್ತ ಯಾರ ಮೈಗೆ ಹತ್ತತೈತಿ?"

"ಕಡ್ಲಿ, ತೊಗರಿ, ಹೆಸರು, ಇವುಗಳ ಬೇರಿನ್ಯಾಗ ಗಂಟು ಇರ್ತಾವ. ಆ ಗಂಟಿನ್ಯಾಗ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಜೀವಾ. ಅವು ಗಾಳ್ಯಾಂದು ಹಿಡದು ಗಿಡಕ್ಕ ಕೊಡ್ತಾವ. ಉಳದ ಗಿಡಾ ಮಣ್ಣಿನ್ಯಾಂದು ಬೇರಿಲೆ ಎಳಕೋತಾವ. ಗಿಡಾ ಎಮ್ಮಿ ತಿಂತೈತಿ. ಎಮ್ಮಿ ಹಾಲು ನೀ ಕುಡೀತಿ."

"ಅಂದ್ರ ನಾ ಇಷ್ಟು ವರ್ಸ ರುಕ್ಮಿ ಕಡೆಯಿಂದ ಗಾಳಿ ಸೋಸಿಸಿಕೊಂಡು ಕುಡದೇನಿ ಅನ್ನು."

ಸವಿತಾ ಹಣೆ ಹಣೆ ಬಡಿದುಕೊಂಡಳು. ನನಗೆ ಮಾತ್ರ ಎಲ್ಲ ಸ್ಪಷ್ಟವಾಯಿತು. ಇಳಕಲ್ಲಿನ ಮಗ್ಗದ ಮನೆಯಲ್ಲಿ ರೇಷ್ಮೆ ನೂಲು ರಾಶಿ ಬಿದ್ದಿರುತ್ತದೆ. ರಾಶಿ ಇದೆ ಎಂದು ಯಾರಾದರೂ ನೂಲು ಸುತ್ತಿಕೊಂಡು ಮದುವೆಗೆ ಹೋಗುತ್ತಾರೆಯೇ? ಮಗ್ಗದ ಮೇಲೆ ಹತ್ತಿ ಇಳಿದು ಬಂದಮೇಲೇ ಅದು ಸೀರೆ. ಗಾಳಿ ನೂಲು, ಗಿಡ ಮಗ್ಗ. ಎಮ್ಮೆಯೂ ನಾನೂ ಬರೀ ಉಟ್ಟುಕೊಂಡು ಮೆರೆಯುವವರು. ಇದನ್ನೇ ಪಾಠದಲ್ಲಿ ಹೇಳು ಎಂದೆ. ಪುಸ್ತಕದಲ್ಲಿ ಹಾಗಿಲ್ಲ ಎಂದಳು. ಪುಸ್ತಕ ಬರೆದವನು ಇಳಕಲ್ ಕಂಡಿರಲಿಕ್ಕಿಲ್ಲ, ಪಾಪ.

ಬೇರಿನ ಗಂಟು ಅಂದಾಗ ನನಗೆ ಕೆರೂರಿನ ತವರು ನೆನಪಾಯಿತು. ಅಪ್ಪನದು ಕರಿಮಣ್ಣಿನ ಹೊಲ. ಅಲ್ಲಿ ಯೂರಿಯಾ ಎಂಬ ಹೆಸರು ನಾನು ಲಂಗ ಉಡುವಾಗ ಕೇಳಿದ್ದಿಲ್ಲ. ಒಂದು ವರ್ಷ ಜೋಳ ಬಿತ್ತಿದರೆ ಮುಂದಿನ ವರ್ಷ ಕಡಲೆ. "ಜೋಳಾ ಉಂಡು ಹೋಗೋದು, ಕಡ್ಲಿ ಬಡಿಸಿ ಹೋಗೋದು" ಎನ್ನುತ್ತಿದ್ದ. ಕಡಲೆ ಗಿಡ ಕಿತ್ತಾಗ ಬೇರಿನಲ್ಲಿ ಸಾಸಿವೆಯಂಥ, ಅದಕ್ಕಿಂತ ದಪ್ಪನೆಯ ಗಂಟುಗಳನ್ನು ನಾನೂ ನೋಡಿದ್ದೆ. ನನಗೆ ಅವು ಗಿಡದ ನರೂಲಿ. ಮುಟ್ಟಿದರೆ ನಿನ್ನ ಕೈಗೂ ಬರುತ್ತವೆ ಎಂದು ತಮ್ಮನನ್ನು ಹೆದರಿಸಿ, ಅವನ ಪಾಲಿನ ಹಸಿ ಕಡಲೆಯನ್ನೂ ಸುಲಿದು ತಿನ್ನುತ್ತಿದ್ದೆ. ಪೂರ್ತಿ ವಿಜ್ಞಾನ ಗೊತ್ತಿಲ್ಲದಿದ್ದರೂ ಹೊಟ್ಟೆ ತುಂಬುವಷ್ಟು ಗೊತ್ತಿತ್ತು.

ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ತರುಬುತ್ತಿದ್ದರು. ಅಂದರೆ ಕುರಿಗಾರರು ತಮ್ಮ ಹಿಂಡನ್ನೆಲ್ಲ ತಂದು ರಾತ್ರಿ ನಮ್ಮ ಹೊಲದಲ್ಲಿ ಮಲಗಿಸುವುದು. ಅವು ಊರಿನ ಕಂಟಿ, ಹುಲ್ಲು, ತಪ್ಪಲು ಎಲ್ಲ ತಿಂದು ಬಂದು ನಮ್ಮ ಹೊಲದಲ್ಲಿ ಹಿಕ್ಕೆ ಹಾಕುತ್ತಿದ್ದವು. ಅದಕ್ಕೆ ಅಪ್ಪ ಕುರಿಗಾರರಿಗೆ ಜೋಳ ಅಳೆದುಕೊಟ್ಟು ಕೈಮುಗಿಯುತ್ತಿದ್ದ. ಹಿಕ್ಕೆಗೆ ಯಾಕೆ ಕೈಮುಗಿಯುತ್ತಾನೆ ಎಂದು ನಾವು ನಗುತ್ತಿದ್ದೆವು.

ಕಡಲೆ ಹೊಲದ ಇನ್ನೊಂದು ಸುಖ, ಹುಳಿ. ಚಳಿಗಾಲದ ನಸುಕಿನಲ್ಲಿ ಅವ್ವ ತೆಳ್ಳನೆಯ ಬಿಳಿ ಬಟ್ಟೆಯನ್ನು ಕಡಲೆ ಗಿಡಗಳ ಮೇಲೆ ಎಳೆದುಕೊಂಡು ಹೋಗುತ್ತಿದ್ದಳು. ಎಲೆಯ ಮೇಲಿನ ಹುಳಿ ಇಬ್ಬನಿಯನ್ನು ಬಟ್ಟೆ ಹೀರುತ್ತಿತ್ತು. ಹಿಂಡಿದರೆ ಹಲ್ಲು ಚುಳ್ ಎನ್ನುವ ನೀರು. ಬಾಟಲಿಗೆ ತುಂಬಿ ಗೂಡಿನಲ್ಲಿಟ್ಟರೆ ವರ್ಷವಿಡೀ ಮನೆಮಂದಿಯ ಹೊಟ್ಟೆನೋವಿಗೆ ಅದೇ ಮದ್ದು. ನನಗಂತೂ ಸಾಲೆ ತಪ್ಪಿಸುವ ದಿನ ಹೊಟ್ಟೆನೋವು ಬರುತ್ತಿತ್ತು. ಅವ್ವ ಆ ಹುಳಿಯನ್ನು ಒಂದು ಚಮಚ ಕುಡಿಸಿದರೆ ಸಾಲೆಯೇ ಸಿಹಿ ಎನಿಸಿ ಓಡುತ್ತಿದ್ದೆ.

ಮದುವೆಯಾಗಿ ಗುಡೂರಿಗೆ ಬರುವಾಗ ಅಪ್ಪ ನನ್ನ ಜೊತೆ ಒಂದು ಎಮ್ಮೆ ಹೊಡೆದುಕೊಟ್ಟ. ಅದರ ಕರುವಿನ ಕರು, ಆ ಕರುವಿನ ಕರು ಎಂದು ಬಂದು ಬಂದು ಈಗ ರುಕ್ಮಿ. ತವರಿನಲ್ಲಿ ಅಪ್ಪನಿಲ್ಲ, ಅವ್ವನಿಲ್ಲ, ಹೊಲ ತಮ್ಮನ ಮಕ್ಕಳದು. ನನ್ನ ಪಾಲಿಗೆ ಕೆರೂರು ಅಂದರೆ ಕೊಟ್ಟಿಗೆಯಲ್ಲಿ ಕುಳಿತು ಮೆಲುಕು ಹಾಕುವ ಆ ಕರಿ ಮೈ. ಅದಕ್ಕೇ ಆ ದಿನ ನನ್ನ ಜೀವ ಬಾಯಿಗೆ ಬಂದದ್ದು.

ಸವಿತಾಳ ಪಾಠ ನಡೆದ ಮರುದಿನ ಮಧ್ಯಾಹ್ನ. ರುಕ್ಮಿಯ ಕೊರಳ ಹಗ್ಗ ಸವೆದಿದೆ ಎಂದು ನಮ್ಮ ಮನೆಯವರು ಹೊಸದನ್ನು ಹೊಸೆಯಲು ಕುಳಿತಿದ್ದರು. ಚೀಲಗಳು ಬಹಳ, ತೊಳೆಯಲು ಬಕೆಟ್ ಸಾಲದು. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾತ್ರೆ ಯಾವುದು? ರುಕ್ಮಿ ನೀರು ಕುಡಿಯುವ ಕಲ್ಲಿನ ಬಾನಿ. ಅದರಲ್ಲಿ ಚೀಲ ನೆನೆಹಾಕಿದರು. ಒಂದೆರಡು ಚೀಲದ ತಳದಲ್ಲಿ ಯೂರಿಯಾ ಹೆಂಟೆಗಟ್ಟಿ ಕುಳಿತಿತ್ತು. ಅದು ಕರಗಲಿ ಎಂದು ಬಿಟ್ಟು, ಕುಡುಗೋಲು ಮಸೆಯಲು ಹಿತ್ತಲಿಗೆ ಹೋದರು. ಮೇಯ್ದು ಬಂದ ರುಕ್ಮಿ ಬಾಯಾರಿಕೆಗೆ ತನ್ನ ಬಾನಿಗೆ ತಾನು ಬಾಯಿ ಹಾಕಿದಳು. ಅವಳದೇನು ತಪ್ಪು?

ಶಾರದಾ ನೋಡಿ ಕೂಗಿ ಎಳೆಯುವಷ್ಟರಲ್ಲಿ ಒಂದಿಷ್ಟು ಒಳಗೆ ಹೋಗಿಯಾಗಿತ್ತು. ಸ್ವಲ್ಪ ಹೊತ್ತಿಗೆ ಬಾಯಲ್ಲಿ ನೊರೆ. ಮೈ ನಡುಕ. ಎಡ ಹೊಟ್ಟೆ ತಮಟೆಯಂತೆ ಬಿಗಿಯಿತು. ಹೆಜ್ಜೆ ಎತ್ತಿದರೆ ಇಟ್ಟಲ್ಲಿ ನಿಲ್ಲದು.

ಸವಿತಾ ಇಳಕಲ್ಲಿನ ದನದ ಡಾಕ್ಟರಿಗೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಅವರ ದನಿ: "ನಾ ಈಗಽ ಹೊಂಟೆ. ಬರೋತನಕ ಕಾಯಬ್ಯಾಡ್ರಿ. ವಿನಿಗರ್ ಐತೇನ್ರಿ ಮನ್ಯಾಗ? ತಣ್ಣೀರಾಗ ಕೂಡಿಸಿ ನಾ ಹೇಳಿದಂಗ ನಿಧಾನಕ ಕುಡಿಸಬೇಕು. ಹುಳಿ ಹೋದ್ರ ಹೊಟ್ಟ್ಯಾಗಿನ ವಿಷಾ ಏರೂದು ತಡೀತೈತಿ."

ವಿನಿಗರ್! ನಮ್ಮ ಮನೆಯಲ್ಲಿ ಹುಳಿ ಅಂದರೆ ಹುಣಸೆ, ಮಜ್ಜಿಗೆ, ನಿಂಬೆ. ನನ್ನ ಕಣ್ಣು ತಾನಾಗಿಯೇ ಗೂಡಿಗೆ ಹೋಯಿತು. ಅವ್ವನ ಗೂಡಾಗಿದ್ದರೆ ಕಡಲೆ ಹುಳಿಯ ಬಾಟಲಿ ಇರುತ್ತಿತ್ತು. ಅದು ಈ ವಿಷಕ್ಕೆ ನಡೆಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಕೈಚಾಚಲು ಒಂದು ಬಾಟಲಿಯಾದರೂ ಇರುತ್ತಿತ್ತು.

"ಆಯಿ," ಸವಿತಾ ಅಂದಳು, "ಮಾಂತೇಶ ಕಾಕಾನ ಗಾಡ್ಯಾಗ ಐತಿ."

ಅಂದು ನಾನು ರಸ್ತೆ ದಾಟಿದ್ದನ್ನು ನೀವು ನೋಡಬೇಕಿತ್ತು. ಸೆರಗು ಒಂದು ಕಡೆ, ಚಪ್ಪಲಿ ಇಲ್ಲವೇ ಇಲ್ಲ. ಮಾಂತೇಶ ಆಗಷ್ಟೇ ಒಲೆ ಹಚ್ಚಿ ಹೂಕೋಸು ಬಿಡಿಸುತ್ತಿದ್ದ. ನನ್ನನ್ನು ಕಂಡವನೇ ಹಲ್ಲು ಕಿಸಿದ.

"ಏನ್ ಆಯಿ, ಇವತ್ತ ಬುಟ್ಟಿ ಇಲ್ಲದ ಬಂದೀರಿ?"

"ಮಾಂತೇಶ, ವಿನಿಗರ್ ಕೊಡೋ."

"ಅಯ್ಯ ಶಿವನ! ಮನ್ಯಾಗ ಗೋಬಿ ಮಾಡಾಕತ್ತೀರೇನು?"

"ರುಕ್ಮಿ ಯೂರಿಯಾ ನೀರು ಕುಡದಾಳ. ಸಾಯಾಕತ್ತಾಳಪಾ."

ಅವನ ಹಲ್ಲು ಒಳಗೆ ಹೋದವು. ಒಲೆ ಆರಿಸಿದ. ಒಂದು ಪ್ಲೇಟ್ ಹೇಳಿ ನಿಂತಿದ್ದ ಗಿರಾಕಿಗೆ "ಇವತ್ತಿಲ್ಲ, ಹೋಗ್ರಿ" ಎಂದ. ಗಾಡಿಯ ಕೆಳಗಿದ್ದ ಬಾಟಲಿಗಳನ್ನೆಲ್ಲ ಬಾಚಿ ತಬ್ಬಿಕೊಂಡು ನನಗಿಂತ ಮುಂದೆ ಓಡಿದ.

ಕೊಟ್ಟಿಗೆಯಲ್ಲಿ ನಮ್ಮ ಮನೆಯವರು ಅರ್ಧ ಹೊಸೆದ ಹಗ್ಗ ಹಿಡಿದು ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣಲ್ಲಿ ನೀರು.

"ಅಕಿಗೇ ಮಾಡಾಕತ್ತಿದ್ನಲ್ಲಾ ಈ ಹಗ್ಗಾ..."

"ಹಗ್ಗಕ್ಕ ಆಮ್ಯಾಲ ಅಳೂವಂತ್ರಿ. ಮೊದಲ ಎದ್ದು ಕೊಂಬು ಹಿಡೀರಿ," ಎಂದೆ. ಅತ್ತರೆ ಎಮ್ಮೆ ಏಳುತ್ತದೆಯೇ?

ಅವರು ಕೊಂಬು ಹಿಡಿದರು. ಸವಿತಾ ಫೋನ್ ಹಿಡಿದು ಡಾಕ್ಟರು ಹೇಳಿದ್ದನ್ನು ಕೂಗುತ್ತಿದ್ದಳು, ಕುತ್ತಿಗೆ ಬಹಳ ಎತ್ತಬೇಡಿ, ಗುಟುಕು ನುಂಗಲಿ, ಕೆಮ್ಮಿದರೆ ಬಿಡಿ. ಶಾರದಾ ಕೊಡಪಾನದಲ್ಲಿ ನೀರು ಬೆರೆಸಿ ಕೊಟ್ಟಳು. ನಾನು ಬಿದಿರಿನ ಗೊಟ್ಟ ತುಂಬುವುದು, ಮಾಂತೇಶ ಅದನ್ನು ರುಕ್ಮಿಯ ಕಟಬಾಯಿಯಲ್ಲಿಟ್ಟು ಬಗ್ಗಿಸುವುದು. ಮಂಚೂರಿಯ ಮಸಾಲೆ ಮೆತ್ತಿದ್ದ ಅವನ ಮುಂಗೈ ತುಂಬ ರುಕ್ಮಿಯ ನೊರೆ. ಒಮ್ಮೆ ಅವಳು ತಲೆ ಕೊಡವಿದಳು, ವಿನಿಗರ್ ನೀರೆಲ್ಲ ನನ್ನ ಮುಖಕ್ಕೆ ಬಿತ್ತು.

"ಆಯಿ, ನೀವೂ ಒಂದ್ ಗುಟುಕು ತಗೊಂಡ್ರೇನು?"

"ಸುಮ್ನ ಹಾಕಲೇ, ಮಂಗ್ಯಾ!"

ನಕ್ಕೆವೋ ಅತ್ತೆವೋ, ಈಗ ನೆನಪಿಲ್ಲ. ಡಾಕ್ಟರು ಬಂದು ಸೂಜಿ ಹಾಕಿ, ಹೊಟ್ಟೆಗೆ ಕಿವಿ ಹಚ್ಚಿ, ನೀವುತ್ತ ಕುಳಿತರು. ಹೊತ್ತು ಕಂತುವ ಮುಂಚೆ ರುಕ್ಮಿ ಒಮ್ಮೆ ತೇಗಿದಳು. ಅದೆಂಥ ತೇಗು! ಬಸ್ಸಿಗೆ ನಿಂತವರಿಗೂ ಕೇಳಿರಬೇಕು. ಹೊಟ್ಟೆ ಸಡಿಲವಾಯಿತು. ಇನ್ನೊಂದಿಷ್ಟು ಹೊತ್ತಿಗೆ ದವಡೆ ಆಡಿತು. ಮೆಲುಕು. ಅದನ್ನು ನೋಡಿ ನಾನು ಅಲ್ಲೇ ಗಂಜಲದ ನೆಲದ ಮೇಲೆ ಕುಳಿತುಬಿಟ್ಟೆ, ಹೊಸ ಇಳಕಲ್ ಸೀರೆ ಉಟ್ಟಿದ್ದೇನೆ ಎನ್ನುವುದನ್ನೂ ಮರೆತು.

ಡಾಕ್ಟರು ಕೈ ತೊಳೆಯುತ್ತ ನಮ್ಮ ಮನೆಯವರಿಗೆ ಹೇಳಿದರು, "ಅಜ್ಜಾರ, ಚೀಲದಾಗ ಇರೋದೂ ಸಾರಜನಕಾನಽ. ಎಮ್ಮಿ ತಿನ್ನೋ ಹಿಂಡಿ, ಹೊಟ್ಟಿನ್ಯಾಗ ಇರೋದೂ ಅದಽ. ಆದ್ರ ಇದು ಸೀದಾ ಹೊಟ್ಟಿಗೆ ಹೋದ್ರ ವಿಷಾ. ಹೊಲಕ್ಕ ಹಾಕ್ರಿ, ಬೆಳಿ ತಿನ್ಲಿ. ಬೆಳಿ ನಿಮ್ಮ ಎಮ್ಮಿ ತಿನ್ಲಿ. ಈ ದಾರಿ ತಪ್ಪಸಬ್ಯಾಡ್ರಿ."

ಸವಿತಾ ನನ್ನ ಕಡೆ ನೋಡಿದಳು. ನಾನೇ ಅಂದೆ, "ನೂಲು ನುಂಗಿದ್ರ ಗಂಟಲಕ್ಕ ಸಿಗ್ತೈತಿ, ಹೌದಲ್ಲ? ಬರಕೊ, ಪಾಠದಾಗ ಬರಕೊ."

ಬಾನಿಯನ್ನು ಶಾರದಾ ಉಜ್ಜಿ ಉಜ್ಜಿ ತೊಳೆದಳು. ಖಾಲಿಯಾದ ವಿನಿಗರ್ ಬಾಟಲಿಗಳಲ್ಲಿ ಒಂದನ್ನು ನಾನು ಎತ್ತಿ ಗೂಡಿಗಿಟ್ಟೆ. ಚೀಲಗಳಿಗೆ ಮನೆಯೊಳಗೆ ಪ್ರವೇಶವಿಲ್ಲ ಎಂದು ನಾನು ಆಜ್ಞೆ ಮಾಡಿದೆ. ನಮ್ಮ ಮನೆಯವರು ಈಗ ಪುಂಡಿ ನಾರಿನ ಹಗ್ಗ ಹೊಸೆಯುತ್ತಾರೆ, ಮೊದಲಿನ ಬಣ್ಣ ಇಲ್ಲ ಎಂದು ಗೊಣಗುತ್ತಾರೆ. ಗೊಣಗಲಿ.

ಉಳಿದದ್ದು ಮಾಂತೇಶನ ಋಣ. ನಾನು ಹಟಮಾರಿ ಇರಬಹುದು, ಉಪಕಾರ ಮರೆಯುವವಳಲ್ಲ. ರುಕ್ಮಿ ಮೊದಲಿನಂತೆ ಹಾಲು ಕೊಟ್ಟ ದಿನ, ಒಂದು ಗಡಿಗೆ ಕೆನೆಮೊಸರು ತೆಗೆದುಕೊಂಡು ಸಂಜೆ ಗಾಡಿಯ ಹತ್ತಿರ ಹೋದೆ. ಮನಸ್ಸಿನಲ್ಲಿ ದೊಡ್ಡ ತ್ಯಾಗವೊಂದನ್ನು ನಿಶ್ಚಯ ಮಾಡಿಕೊಂಡಿದ್ದೆ.

"ಮಾಂತೇಶ, ನೀ ನನ್ನ ತವರ ಉಳಿಸಿದಿ. ಇನ್ನ ಮ್ಯಾಲ ನಾ ಇಲ್ಲಿ ಸಗಣಿ ಒಗ್ಯಂಗಿಲ್ಲ. ಹಿತ್ತಲ ತಿಪ್ಪಿಗೆ ಹಾಕ್ತೇನಿ. ನೀ ಆರಾಮ ವ್ಯಾಪಾರ ಮಾಡು."

ಅವನು ಸಂತೋಷದಿಂದ ಕೈಮುಗಿಯುತ್ತಾನೆ ಎಂದುಕೊಂಡಿದ್ದೆ. ಜಾಲರಿ ಸೌಟು ಅವನ ಕೈಯಲ್ಲೇ ನಿಂತಿತು. ಮುಖ ಬಾಡಿತು.

"ಆಯಿ, ಹಂಗ ಮಾಡಬ್ಯಾಡ್ರಿ!"

"ಯಾಕಲೇ?"

"ನಾ ಹಾಳಾಗಿ ಹೊಕ್ಕೇನ್ರಿ."

"ಸಗಣಿ ಇಲ್ಲಂದ್ರ ಹಾಳಾಗ್ತೀಯಾ?"

ಅವನು ಗಾಡಿಯ ಅಂಚಿನಲ್ಲಿದ್ದ ಬುಟ್ಟಿಯ ಒದ್ದೆ ಬಟ್ಟೆ ಸರಿಸಿದ. ಒಳಗೆ ಉಳ್ಳಾಗಡ್ಡಿ ತಪ್ಪಲು, ಅಂದರೆ ಈರುಳ್ಳಿಯ ಹಸಿರು ಸೊಪ್ಪು, ಜೊತೆಗೆ ಕೋತಂಬರಿ. ಉಳ್ಳಾಗಡ್ಡಿ ತಪ್ಪಲಂತೂ ಕೊಳಲಿನಷ್ಟು ದಪ್ಪ, ಮುರಿದರೆ ಟಪ್ ಎನ್ನುವ ಹಸಿರು.

"ನಮ್ಮ ಹಿತ್ತಲಾ ಬರೇ ಗರಸು ನೆಲಾ ಇತ್ರಿ. ಹುಲ್ಲೂ ಏಳತಿದ್ದಿಲ್ಲ. ನೀವು ಸಗಣಿ ಒಗಿಯಾಕ ಹತ್ತಿದ್ರಲ್ಲ, ಮೊದಲ ನನಗೂ ಸಿಟ್ಟು ಬಂತು. ಎತ್ತಿ ಒಯ್ದು ಹಿತ್ತಲಾಗ ಒಗದೆ. ಮಳಿ ಆದ ಮ್ಯಾಲ ನಮ್ಮವ್ವ ಅಲ್ಲಿ ನಾಕ ಉಳ್ಳಾಗಡ್ಡಿ ಊರಿದ್ಲು. ಈಗ ನೋಡ್ರಿ! ಗೋಬಿ ಎಲ್ಲಾ ಕಡೆ ಸಿಗ್ತೈತಿ ಆಯಿ. ಜನಾ ನನ್ನ ಹಂತ್ಯಾಕ ಬರೋದು ಮ್ಯಾಲಿನ ತಪ್ಪಲಕ್ಕ."

ನಾನು ಬುಟ್ಟಿ ನೋಡಿದೆ, ಗಾಡಿಯ ಸುತ್ತ ನಿಂತ ಗಿರಾಕಿಗಳನ್ನು ನೋಡಿದೆ, ನಮ್ಮ ಕೊಟ್ಟಿಗೆಯ ಕಡೆ ನೋಡಿದೆ. ಇಷ್ಟು ದಿನ ಇವನನ್ನು ಓಡಿಸಲೆಂದು ನಾನು ಬೆನ್ನು ಬಗ್ಗಿಸಿ ಹೊತ್ತದ್ದೆಲ್ಲ ಇವನ ಬಾಣಲೆಗೆ ಹಸಿರಾಗಿ ಉದುರುತ್ತಿತ್ತು. ಕುರಿಯ ಹಿಕ್ಕೆಗೆ ಕೈಮುಗಿಯುತ್ತಿದ್ದ ಅಪ್ಪ ಮೇಲಿನಿಂದ ನೋಡಿ ಎಷ್ಟು ನಕ್ಕಿರಬೇಡ! ಗಾಳಿಯದು ಗಿಡಕ್ಕೆ, ಗಿಡದ್ದು ರುಕ್ಮಿಗೆ, ರುಕ್ಮಿಯದು ಮಣ್ಣಿಗೆ, ಮಣ್ಣಿನದು ಮತ್ತೆ ತಪ್ಪಲಿಗೆ. ಇಷ್ಟು ದೊಡ್ಡ ಸಾಲಿನಲ್ಲಿ ಎಲ್ಲರೂ ತಂತಮ್ಮ ಪಾಲು ತಿಂದಿದ್ದರು. ಊಟ ಬಿಟ್ಟು ಕುಳಿತವಳು ನಾನೊಬ್ಬಳೇ.

ಇದು ನನಗೆ ಸರಿಬರಲಿಲ್ಲ.

ಪೂಜೆ ಆಗಿಲ್ಲದ್ದನ್ನು ಶಿವನಿಗೆ ಮನಸ್ಸಿನಲ್ಲೇ ಹೇಳಿ, ಗಾಡಿಯ ಮುಂದಿನ ಸ್ಟೂಲು ಎಳೆದುಕೊಂಡು ಕುಳಿತೆ.

"ಒಂದ್ ಪ್ಲೇಟ್ ಹಾಕು."

ಮಾಂತೇಶ ನಂಬಲಿಲ್ಲ. "ಖರೇನಽ ಆಯಿ?"

"ಖರೇನಽ. ಖಾರ ಕಡಿಮಿ." ಎದುರು ಬಾಗಿಲಲ್ಲಿ ಶಾರದಾ ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ನಿಂತದ್ದು ಕಂಡಿತು. ಕಾಣಲಿ. ಅವನು ಬಿಸಿ ಗೋಬಿಯ ಮೇಲೆ ಚಿಟಿಕೆ ತಪ್ಪಲು ಉದುರಿಸಿ ಪ್ಲೇಟು ಮುಂದೆ ಹಿಡಿದ. ನಾನು ತೆಗೆದುಕೊಳ್ಳಲಿಲ್ಲ.

"ಯಾಕಲೇ, ನಮ್ಮ ಎಮ್ಮಿದು ಇಷ್ಟಽ ಹಾಕ್ತಿ? ಕೈ ಬಿಚ್ಚಿ ಹಾಕು!"